ಆಫೆನ್ಸಿವ್ ಲೈನ್ ಚೆನ್ನಾಗಿ ಆಡಿತಾ ಇಲ್ವಾ? ಲೈನ್ ಕೋಚ್‌ಗೆ ಕೇಳಿ

ಪ್ರಶ್ನೆ: ನಮಸ್ಕಾರ ಸಾರ್. ಕಾನ್ಸಾಸ್ ಸಿಟಿಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ತಂಡ ಸೋತಾಗೆಲ್ಲ ಆಫೀಸಿನಲ್ಲಿ "ಲೈನ್ ಕೈಕೊಟ್ಟಿತು" ಅನ್ನುತ್ತಾರೆ. ಲೈನ್ ಅಂದರೆ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ. ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಒಬ್ಬನನ್ನು ಬಿಟ್ಟರೆ ಅವರು ಚೆಂಡನ್ನೇ ಮುಟ್ಟುವುದಿಲ್ಲ. ಅವರ ಆಟ ಅಳೆಯುವುದು ಹೇಗೆ? ಸ್ಯಾಕ್ ಎಣಿಸಿದರೆ ಸಾಕಾ?

ಉತ್ತರ: ಸಾಲದು. ಸ್ಯಾಕ್ ಅಂದರೆ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಲೈನ್ ಹಿಂದೆ ನಿಂತು ಚೆಂಡು ಎಸೆಯುವವನನ್ನು, ಎಸೆಯುವ ಮೊದಲೇ ಕೆಡವುವುದು, ಅಷ್ಟೇ. ನಿಮ್ಮ ಊರಿನ ಚೀಫ್ಸ್ ತಂಡವನ್ನೇ ನೋಡಿ. 2021ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇ ಎದುರು 31-9ರಲ್ಲಿ ಸೋತರು. ಆವತ್ತು ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸ್ಯಾಕ್ ಆಗಿದ್ದು ಬರೀ 3 ಸಲ. ಆದರೆ ಎದುರಾಳಿಗಳು ಮೈಮೇಲೆ ಬಂದಿದ್ದು 29 ಸಲ! ಸೂಪರ್ ಬೌಲ್‌ನಲ್ಲಿ ಅದುವರೆಗೆ ಯಾರ ಮೇಲೂ ಅಷ್ಟು ಒತ್ತಡ ಬಿದ್ದಿರಲಿಲ್ಲ. ಎರಡೂ ತುದಿಯ ಟ್ಯಾಕಲ್‌ಗಳು, ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಜ್, ಗಾಯವಾಗಿ ಹೊರಗಿದ್ದರು. ಟ್ಯಾಂಪಾ ಹೆಚ್ಚಾಗಿ ನಾಲ್ಕೇ ಜನರನ್ನು ನುಗ್ಗಿಸಿತು, ಅಷ್ಟಕ್ಕೇ ಲೈನ್ ಒಡೆಯಿತು. ಮಹೋಮ್ಸ್ ಓಡಿ ಓಡಿ ತಪ್ಪಿಸಿಕೊಂಡಿದ್ದರಿಂದ ಸ್ಯಾಕ್ ಕಡಿಮೆ ಕಾಣುತ್ತದೆ.

ಆ ಬೇಸಿಗೆ ಲೈನನ್ನೇ ಹೊಸದಾಗಿ ಕಟ್ಟಿದರು. ಓರ್ಲಾಂಡೊ ಬ್ರೌನ್, ಜೋ ಥೂನಿ ಬಂದರು. ಕಾಲೇಜು ಆಟಗಾರರನ್ನು ಸುತ್ತು ಸುತ್ತಾಗಿ ಆರಿಸುವ ಡ್ರಾಫ್ಟ್‌ನಲ್ಲಿ ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್ ಸಿಕ್ಕರು. ಸ್ಮಿತ್ ಸಿಕ್ಕಿದ್ದು ಆರನೇ ಸುತ್ತಿನಲ್ಲಿ, ನನ್ನ ಪ್ರಕಾರ ಲಾಟರಿನೇ. 2023ರ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ಈಗಲ್ಸ್ ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿದ್ದ ತಂಡ. ಆವತ್ತು ಒಂದೂ ಸಿಗಲಿಲ್ಲ. ಹುಲ್ಲು ಜಾರುತ್ತಿತ್ತು, ನುಗ್ಗುವವರಿಗೆ ಕಾಲು ನಿಲ್ಲುತ್ತಿರಲಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಹಾಗಿದ್ರೆ ಸ್ಯಾಕ್ ಜಾಸ್ತಿ ಆದರೂ ಲೈನ್‌ದೇ ತಪ್ಪು ಅಂತಲ್ಲ, ಅಲ್ವಾ?

ಉತ್ತರ: ಹೌದು. ಅದಕ್ಕೇ ಗಡಿಯಾರ ನೋಡಬೇಕು. ಕ್ರೀಡಾ ವಾಹಿನಿ ಇಎಸ್‌ಪಿಎನ್‌ನವರು ಬ್ಲಾಕ್, ಅಂದರೆ ಎದುರಾಳಿಯನ್ನು ತಡೆಯುವ ಕೆಲಸ, ಗೆದ್ದರೋ ಸೋತರೋ ಅಂತ ಹೇಳಲು 2.5 ಸೆಕೆಂಡಿನ ಗೆರೆ ಹಾಕಿಕೊಂಡಿದ್ದಾರೆ. ಅಷ್ಟು ಹೊತ್ತು ತಡೆದು ನಿಲ್ಲಿಸಿದರೆ ಲೈನ್‌ಮನ್ ಗೆದ್ದ ಹಾಗೆ. ಕ್ವಾರ್ಟರ್‌ಬ್ಯಾಕ್ ನಾಲ್ಕು ಸೆಕೆಂಡ್ ಚೆಂಡು ಹಿಡಿದುಕೊಂಡು ನಿಂತು ಬಿದ್ದರೆ ಲೈನ್‌ಮನ್ ಏನು ಮಾಡಬೇಕು ಹೇಳಿ?

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ಟಿವಿ ಮುಂದೆ ಕೂತು ನಾವು ಏನು ನೋಡಬೇಕು? ನನಗೆ ಬರೀ ತಳ್ಳಾಟ ಕಾಣುತ್ತೆ.

ಉತ್ತರ: ಮೇಡಂ, ಚೆಂಡನ್ನು ಮರೆತುಬಿಡಿ. ಎಡ ಟ್ಯಾಕಲ್ ಒಬ್ಬನನ್ನೇ ನೋಡಿ, ಮೊದಲು ಕಾಲು. ಹಿಂದೆ ಸರಿಯುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು, ಕಾಲು ಹೆಣೆದುಕೊಳ್ಳಬಾರದು. ಕೈ ಎದುರಾಳಿಯ ಎದೆಗೆ ತಾಗಬೇಕು. ಭುಜದ ಹೊರಗೆ ಹೋಯಿತೋ, ಕೆಲಸ ಕೆಟ್ಟಿತು. ಸೊಂಟ ಬೇಗ ಹೊರಗೆ ತಿರುಗಿದರೆ ಒಳಗಡೆ ಬಾಗಿಲು ತೆರೆದ ಹಾಗೆ. ಆಮೇಲೆ ಸ್ಟಂಟ್: ನುಗ್ಗುವ ಇಬ್ಬರು ಜಾಗ ಅದಲುಬದಲು ಮಾಡಿಕೊಂಡು ಬರುತ್ತಾರೆ. ಆಗ ಟ್ಯಾಕಲ್ ಪಕ್ಕದಲ್ಲಿ ನಿಲ್ಲುವ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ದಾಟಿಸಿ ಹೊಸಬನನ್ನು ಹಿಡಿಯಬೇಕು. ಇಬ್ಬರೂ ಒಬ್ಬನ ಹಿಂದೆಯೇ ಹೋದರೆ ಮುಗಿಯಿತು. ಇಲ್ಲಿ ಐದು ಜನರ ಹೊಂದಾಣಿಕೆ ಗೊತ್ತಾಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ.

ಓಟದ ಆಟದಲ್ಲಿ, ಓಡುವವನಿಗೆ ಮೊದಲ ಏಟು ಬೀಳುವ ಮುಂಚೆ ಎಷ್ಟು ಯಾರ್ಡ್ ಸಿಕ್ಕಿತು ಅಂತ ನೋಡಿ. ಅದು ಬಹುಪಾಲು ಲೈನ್ ಸಂಪಾದನೆ.

ಪ್ರಶ್ನೆ: ಆಟಗಾರರಿಗೆ ಅಂಕ ಕೊಡುವ ಪಿಎಫ್‌ಎಫ್ ನಂಬಬಹುದಾ?

ಉತ್ತರ: ಇಡೀ ಸೀಸನ್‌ಗೆ ನೋಡಿದರೆ ಉಪಯೋಗ ಇದೆ. ಒಂದೇ ಪಂದ್ಯದ ಅಂಕ ಹಿಡಿದುಕೊಂಡು ನಾನು ಜಗಳಕ್ಕೆ ಇಳಿಯುವುದಿಲ್ಲ. ಯಾರು ಯಾರನ್ನು ತಡೆಯಬೇಕಿತ್ತು ಅಂತ ಕೋಚ್ ಹೇಳಿದ್ದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಎದುರಾಳಿಯನ್ನು ಹಿಡಿದು ಎಳೆಯುವ ಹೋಲ್ಡಿಂಗ್ ಫೌಲ್ ಎಣಿಸಬೇಕಾ?

ಉತ್ತರ: 10 ಯಾರ್ಡ್ ಹಿಂದಕ್ಕೆ, ಎಣಿಸಲೇಬೇಕು. ಆದರೆ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೆ ನುಗ್ಗುತ್ತಿದ್ದವನನ್ನು ಹಿಡಿದು ಎಳೆದಿದ್ದರೆ ನಮ್ಮ ಹುಡುಗರಿಗೆ ನಾನು ಬೈಯುವುದಿಲ್ಲ.