ಮನೆ ತುಂಬಾ 'ಪುಟ್ಟ'ಗಳು: ಈ ಹೆಸರು ಯಾರಿಗೆ, ಎಷ್ಟು ವಯಸ್ಸಿನ ತನಕ?

ಧಾರವಾಡದಾಕಿ
ಎಲ್ಲಾರಿಗೂ ನಮಸ್ಕಾರ್ರೀ. ನಾ ಧಾರವಾಡ ಕಡೆಯಾಕಿ, ಮದುವಿ ಮಾಡ್ಕೊಂಡು ಬಂದಿದ್ದು ಮಂಡ್ಯ ಜಿಲ್ಲಾಕ್ಕ. ಈಗ ನಮಗೊಂದು ಗಂಡು ಕೂಸು ಐತಿ, ನಾಮಕರಣ ಇನ್ನೂ ಆಗಿಲ್ಲ. ಇಲ್ಲೆ ಎಲ್ಲಾರೂ ಕೂಸಿಗೆ ಪುಟ್ಟ ಪುಟ್ಟ ಅಂತಾರ, ಅದು ಸರಿ, ಸಣ್ಣ ಕೂಸಿಗೆ ಅನ್ನಲಿಕ್ಕೇ ಬೇಕು. ಆದ್ರ ನಮ್ಮತ್ತಿ ನನ್ನ ಗಂಡಗೂ ಪುಟ್ಟ ಅಂತಾರ, ಮೂವತ್ತೈದು ದಾಟಿದ ಮನಶ್ಯಾ, ಆಫೀಸಿನ್ಯಾಗ ಕೈಕೆಳಗ ಮಂದಿ ಅದಾರ. ನಮ್ಮ ಮಾವನೋರಿಗೆ ಊರಾಗ ಪುಟ್ಟಣ್ಣೋರು ಅಂತಾರ, ರೇಷನ್ ಕಾರ್ಡ್ ನೋಡಿದ್ರ ಬ್ಯಾರೇನೇ ಹೆಸರೈತಿ. ನಾದಿನಿ ಡಿಗ್ರಿ ಓದಾಕತ್ತಾಳ, ಆಕಿಗೂ ಪುಟ್ಟಿ ಅಲ್ಲ, ಪುಟ್ಟಾ ಅಂತನ ಕರೀತಾರ. ಅಡಗಿ ಮನಿಯಿಂದ ಅತ್ತಿ "ಪುಟ್ಟಾ" ಅಂತ ಒಂದ್ಸಲ ಕೂಗಿದ್ರ ಯಾರನ್ನ ಕರದ್ರು ಅಂತ ಎಲ್ಲಾರಿಗೂ ಗೊತ್ತಾಗ್ತೈತಿ, ನನಗೊಬ್ಬಾಕಿಗೆ ಆಗೂದಿಲ್ಲ.

ನಮ್ಮ ಕಡೆ ಇದರ ಉಲ್ಟಾ ರೀ. ಸಣ್ಣ ಹುಡುಗಗ "ಬಾರೋ ಯಪ್ಪಾ", ಹುಡುಗಿಗೆ "ಯಾಕ ಅಳ್ತೀ ನಮ್ಮವ್ವಾ" ಅಂತೀವಿ. ಪುಟ್ಟಿ ಅಂದ್ರ ನಮಗ ಬುಟ್ಟಿ, ಪುಟಾಣಿ ಅಂದ್ರ ಚಟ್ನಿಗೆ ಹಾಕೂ ಪುಟಾಣಿ, ಇಲ್ಲೆ ಅದಕ್ಕ ಹುರಿಗಡಲೆ ಅಂತಾರ.

ಈಗ ವಿಷಯ ಏನಂದ್ರ ಅತ್ತಿ ಕೂಸಿಗೆ ಪುಟ್ಟರಾಜು ಅಂತನ ಹೆಸರಿಡ್ರಿ, ಸರ್ಟಿಫಿಕೇಟಿನ್ಯಾಗೂ ಅದನ್ನ ಬರಸ್ರಿ ಅಂತ ಹಟಾ ಹಿಡದಾರ. ನನ್ನ ಗಂಡಗ ಎರಡಕ್ಷರದ ಹೊಸಾ ಹೆಸರು ಬೇಕು. ಈ ಪುಟ್ಟ ಅನ್ನೂದು ಇಲ್ಲಿ ಮಂದಿಗೆ ಏನು, ಯಾರಿಗೆ ಯಾವಾಗ ಅಂತಾರ, ದೊಡ್ಡಾಂವ ಆದಮ್ಯಾಲ ಹುಡುಗಗ ಮುಜುಗರ ಆಗೂದಿಲ್ಲೇನು? ತಿಳದವರು ಹೇಳ್ರಿ.

ಮದ್ದೂರ್ ಹೈದ
ಅಕ್ಕ ನಿಮ್ಮನೆ ಕತೆ ಓದಿ ನಮ್ಮನೆ ಕತೆನೇ ಓದ್ದಂಗಾಯ್ತು. ಒಂದ್ ವಿಷ್ಯ ಕೇಳ್ತೀನಿ, ನಿಮ್ಮೆಜಮಾನ್ರ ನಿಜವಾದ ಹೆಸ್ರು ಅವರ ತಾತಂದು ತಾನೆ? ಅಂದ್ರೆ ನಿಮ್ಮತ್ತೇಗೆ ಮಾವ ಆಗ್ಬೇಕಲ್ಲ ಅವರದ್ದು? ಹಂಗಿದ್ರೆ ಅಲ್ಲೇ ಅದೆ ಉತ್ರ.

ನಮ್ ಕಡೆ ಹಳೇ ಪದ್ಧತೀಲಿ ಸೊಸೆ ಆದೋಳು ಮಾವನ ಹೆಸ್ರು ಹೇಳಂಗಿಲ್ಲ, ಗಂಡನ ಹೆಸ್ರಂತೂ ಬಾಯಿಗೇ ತರಂಗಿಲ್ಲ. ಅತ್ಲಾಗೆ ಹುಟ್ಟಿದ ಗಂಡು ಮಗೀಗೆ ತಾತನ ಹೆಸ್ರೇ ಇಡಬೇಕು ಅನ್ನೋದೂ ಪದ್ಧತಿ. ಈಗ ಹೆತ್ತೋಳು ಆ ಮಗನ್ನ ಏನಂತ ಕರೀಬೇಕು ಹೇಳಿ, "ಲೇ ಸಿದ್ದೇಗೌಡ ಊಟಕ್ಕೆ ಬಾರ್ಲಾ" ಅಂದ್ರೆ ಜಗಲಿ ಮೇಲೆ ಕೂತಿರೋ ಮಾವನಿಗೇ ಅಂದಂಗಾಯ್ತದೆ. ಅದುಕ್ಕೆ ಪುಟ್ಟ, ಮರಿ, ಗುಂಡ, ಚಿಕ್ಕೋನು, ಇಂತವೆಲ್ಲ ಬಂದ್ವು. ಮುದ್ದಿಗೆ ಅಂತ ಕರೀತಾರೆ ಅನ್ಕೊಂಡಿರ್ತೀವಿ, ಮುದ್ದೂ ಅದೆ, ಆದ್ರೆ ಮಾವನ ಮರ್ಯಾದೆ ಕಾಯೋದೂ ಅದ್ರಲ್ಲೇ ಅದೆ. ಆ ಕಾಲದ ತಾಯಂದ್ರು ಮಗನ ನಿಜವಾದ ಹೆಸ್ರನ್ನ ಜೀವಮಾನ ಪೂರ್ತಿ ಒಂದ್ಸಲಾನೂ ಬಾಯ್ ಬಿಟ್ಟು ಹೇಳದೇ ಹೋಗಿರೋದು ಉಂಟು ಅಕ್ಕ. ಹಂಗಿರೋವಾಗ ಮೂವತ್ತೈದಾಯ್ತು ಇನ್ಮೇಲೆ ಬಿಡಿ ಅಂದ್ರೆ ಅವ್ರು ಮಗನ್ನ ಬೇರೆ ಏನಂತ ಕರೀತಾರೆ, ಅವ್ರಿಗೆ ಮಗನ ಹೆಸ್ರೇ ಅದು.

ಇನ್ನು ನಿಮ್ಮಾವನೋರ ವಿಚಾರ. ವಯಸ್ಸಾದಂಗೆ ಪುಟ್ಟ ಅನ್ನೋದು ಕಳಚಿ ಬೀಳಲ್ಲ, ಅದ್ರ ಹಿಂದಕ್ಕೆ ಮರ್ಯಾದೆ ಸೇರ್ಕೋತದೆ. ಹುಡುಗ ಆಗಿದ್ದಾಗ ಪುಟ್ಟ, ಮದ್ವೆ ಆಗಿ ನಾಕ್ ಜನದಲ್ಲಿ ಕೂರಂಗಾದ್ರೆ ಪುಟ್ಟಣ್ಣ, ಕೂದ್ಲು ಬೆಳ್ಳಗಾದ್ರೆ ಪುಟ್ಟಣ್ಣಯ್ಯ, ಪುಟ್ಟೇಗೌಡ್ರು. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ ನಮ್ ಜಿಲ್ಲೆಯೋರೇ, ಮೇಲುಕೋಟೆ ಶಾಸಕರಾಗಿದ್ರು, 2018ರಲ್ಲಿ ತೀರ್ಕೊಂಡ್ರು. ಹಸಿರು ಟವಲ್ ಹಾಕ್ಕೊಂಡು ಮೈಕ್ ಹಿಡುದ್ರೆ ಆ ಹೆಸರಲ್ಲಿ ಚಿಕ್ಕದು ಅನ್ನೋ ಅರ್ಥ ಅದೆ ಅಂತ ಯಾರಿಗೂ ನೆಪ್ಪೇ ಆಗ್ತಿರ್ಲಿಲ್ಲ.

ಯಾರನ್ನ ಕರುದ್ರು ಅಂತ ಗೊತ್ತಾಗೋಕೆ ರಾಗ ಕೇಳ್ಕೋಬೇಕು. ನಮ್ಮಜ್ಜಿ ಬಾಯಲ್ಲಿ "ಪುಟ್ಟಾಆ" ಅಂತ ಎಳುದ್ರೆ ಮನೆ ಚಿಕ್ಕ ಮಗಿ. "ಲೋ ಪುಟ್ಟ" ಅಂತ ಮೊಟಕಾಗಿ ಬಂದ್ರೆ ನಮ್ಮಪ್ಪ, ಏನೋ ಕೆಲ್ಸ ಅದೆ ಅಂತ. "ಪುಟ್ಟವ್ವಾ" ಅಂದ್ರೆ ನಮ್ಮತ್ತೆ. "ಪುಟ್ಟಪ್ಪ, ಒಸಿ ಬಾಪ್ಪ ಇಲ್ಲಿ" ಅಂತ ನಯವಾಗಿ ಬಂದ್ರೆ ನಾನು, ಅದೂ ಅಂಗಡಿಗೆ ಹೋಗಿ ಎಲೆ ಅಡಿಕೆ ತರೋಕೆ. ಒಂದಾರ್ ತಿಂಗ್ಳು ಕಿವಿ ಕೊಟ್ರೆ ನಿಮಗೂ ಗೊತ್ತಾಗೋಯ್ತದೆ ಬಿಡಿ.

ಮೈಸೂರು ಮೇಷ್ಟ್ರು
ಹೈದ ಚೆನ್ನಾಗಿ ಹೇಳಿದಾರೆ. ನಾನು ಮುಜುಗರದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಮ್ಮ, ಯಾಕಂದ್ರೆ ನಿಮ್ಮ ಯಜಮಾನ್ರಿಗೆ ಬೇಕಾಗಿರೋದು ಅದೇ ಅನ್ಸುತ್ತೆ.

ಕುವೆಂಪು ಅನ್ನೋ ಹೆಸರಿನ ಕೊನೇ 'ಪು' ಇದೆಯಲ್ಲ, ಅದು ಪುಟ್ಟಪ್ಪದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ರು, ರಾಷ್ಟ್ರಕವಿ ಆದ್ರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ್ರು, ಪುಟ್ಟಪ್ಪ ಅನ್ನೋ ಹೆಸರು ಯಾವುದಕ್ಕೂ ಅಡ್ಡ ಬರಲಿಲ್ಲ. ಸಿನಿಮಾದ ಪುಟ್ಟಣ್ಣ ಕಣಗಾಲ್ ಅವರ ನಿಜವಾದ ಹೆಸರು ಸೀತಾರಾಮ ಶರ್ಮ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಊರು, ಇವತ್ತು ಸೀತಾರಾಮ ಶರ್ಮ ಅಂದ್ರೆ ಯಾರಿಗೂ ಗುರುತು ಸಿಗಲ್ಲ, ಸರ್ಕಾರ ನಿರ್ದೇಶಕರಿಗೆ ಕೊಡೋ ಪ್ರಶಸ್ತೀನೂ ಪುಟ್ಟಣ್ಣ ಅನ್ನೋ ಹೆಸರಲ್ಲೇ ಇದೆ. ಬೆಂಗಳೂರಿನ ಟೌನ್‌ಹಾಲ್ ಎದುರು ಧರಣಿ ಅಂತ ಹಿಂದೆಲ್ಲ ಟಿವೀಲಿ ಬರ್ತಿತ್ತಲ್ಲ, ಆ ಕಟ್ಟಡದ ಪೂರ್ತಿ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. ಹಿಂದೆ ಸರ್, ಮುಂದೆ ಚೆಟ್ಟಿ, ನಡುವೆ ಪುಟ್ಟಣ್ಣ.

ಇನ್ನೊಂದು ನನಗೆ ತುಂಬಾ ಹೆಮ್ಮೆ ಅನ್ಸೋದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯಕ್ಕೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, ಆ ಕೇಸಲ್ಲೇ 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಡ್ತು. ಈಗ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಲಾ ಓದೋ ಹುಡುಗರೆಲ್ಲ ಆ ತೀರ್ಪಿಗೆ ಪುಟ್ಟಸ್ವಾಮಿ ಅಂತಲೇ ಹೇಳೋದು, ನಮ್ಮ ಮನೆಗಳಲ್ಲಿ ಮಕ್ಕಳನ್ನ ಎತ್ಕೊಂಡಾಗ ಬರೋ ಮಾತು ಸುಪ್ರೀಂ ಕೋರ್ಟ್ ಬಾಯಲ್ಲಿ ಬರ್ತಿದೆ.

ಮತ್ತೆ ಇದು ಬರೀ ಹಳೇ ಮೈಸೂರಿಂದು ಅಂತಲೂ ಅಂದ್ಕೋಬೇಡಿ. ನಿಮ್ಮ ಪಕ್ಕದ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಇದ್ರಲ್ಲ, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ, ಸಂಗೀತ ಎರಡೂ ಕೊಟ್ಟೋರು. ಅತ್ತೆಯವರು ಹೇಳ್ತಿರೋ ಹೆಸರು ಅದೇ, ರಾಜ ಹೋಗಿ ರಾಜು ಆಗಿದೆ ಅಷ್ಟೆ. ನಿಮ್ಮ ತವರಲ್ಲಿ ಯಾರೂ ಬೇಡ ಅನ್ನಲಿಕ್ಕಿಲ್ಲ.

ಶಿರಸಿ ಬದಿಯವ
ನಮ್ಮ ಹವ್ಯಕರ ಮನೆಗಳಲ್ಲಿ ಗಂಡು ಮಕ್ಕಳಿಗೆ ಅಪ್ಪಿ, ಹೆಣ್ಣು ಮಕ್ಕಳಿಗೆ ತಂಗಿ. ತಂಗಿ ಅಂದ್ರೆ ಒಡಹುಟ್ಟಿದವಳು ಅಂತಲ್ಲ, ಅಜ್ಜ ಮೊಮ್ಮಗಳಿಗೂ ತಂಗಿ ಅಂತಾನೆ, ಪಕ್ಕದ ಮನೆಯವರೂ ಅಂತಾರೆ. ನನಗೆ ಈಗ ತಲೆ ಹಣ್ಣಾಗ್ತಾ ಬಂತು, ಊರಿಗೆ ಹೋದ್ರೆ ದೊಡ್ಡಮ್ಮ "ಅಪ್ಪೀ, ಆಸರಿಗೆ (ಕುಡಿಯೋಕೆ) ಎಂತ ಬೇಕು" ಅಂತಲೇ ಕೇಳೋದು. ಬೆಂಗಳೂರಲ್ಲಿ ಇಡೀ ವರ್ಷ ಯಾರೂ ನನ್ನನ್ನ ಹಾಗೆ ಕರೆಯಲ್ಲ, ಅದಕ್ಕೇ ಏನೋ ಆ ಒಂದು ಮಾತಿಗೆ ರಾತ್ರಿ ಬಸ್ಸಲ್ಲಿ ಕೂತು ಹೋಗಿದ್ದು ಸಾರ್ಥಕ ಅನ್ಸುತ್ತೆ.

ಕುಂದಾಪ್ರ ಮಾಣಿ
ಹ್ವಾಯ್, ನಮ್ಮೂರಂಗೆ ಮಾಣಿ! ಹಳಗನ್ನಡದಲ್ಲಿ ಮಾಣಿ ಅಂದ್ರೆ ಬ್ರಹ್ಮಚಾರಿ ಹುಡುಗ, ನಮ್ಮಲ್ಲಿ ಯಾವ ಗಂಡು ಮಗುವೂ ಮಾಣಿನೇ. ಉಡುಪಿ ಹೋಟ್ಲುಗಳಲ್ಲಿ ಸಪ್ಲೈ ಮಾಡೋರಿಗೆ ಮಾಣಿ ಅನ್ನೋದೂ ಅಲ್ಲಿಂದ್ಲೇ, ನಮ್ಮೂರ್ ಬದಿ ಹುಡುಗ್ರು ಸಣ್ಣ ಪ್ರಾಯದಲ್ಲೇ ಊರು ಬಿಟ್ಟು ಹೋಟ್ಲಿಗೆ ಸೇರ್ತಿದ್ರಲ್ಲ. ಅಮ್ಮ ಮಾಣಿ ಅಂದಿದ್ದೇ ಬೇರೆ, ಟೇಬಲ್ಲಲ್ಲಿ ಕೂತ ಗಿರಾಕಿ ಚಿಟಿಕೆ ಹೊಡೆದು ಮಾಣಿ ಅಂದಿದ್ದೇ ಬೇರೆ. ಎರಡನೇದು ಕೇಳಿದ್ರೆ ನನಗೆ ಈಗ್ಲೂ ಬೇಜಾರಾಗುತ್ತೆ, ಮನೆ ಮಾತನ್ನ ಹಾಗೆಲ್ಲ ಬಳಸ್ಬಾರ್ದು.

ಬೆಂಗಳೂರು ಹುಡ್ಗಿ
ಕುಂದಾಪ್ರದವ್ರು ಹೇಳಿದ್ದು ನೋಡಿ ನಂದೂ ಹೇಳ್ಬೇಕು ಅನ್ಸ್ತು. ಬೆಂಗಳೂರಲ್ಲಿ ಈಗ ಪುಟ್ಟ ಅನ್ನೋದು ಎಲ್ಲಾ ಕಡೆ ಇದೆ, ಲವ್ ಮಾಡೋರು ಒಬ್ರಿಗೊಬ್ರು ಪುಟ್ಟ ಅಂತಾರೆ, ನಾಯಿಮರಿಗೆ ಪುಟ್ಟ ಅಂತಾರೆ, ತರಕಾರಿ ಅಂಗಡಿ ಅಜ್ಜಿ "ಏನ್ ಬೇಕು ಪುಟ್ಟ" ಅಂತಾರೆ, ಇದೆಲ್ಲ ನನಗೆ ಇಷ್ಟಾನೇ. ಆದ್ರೆ ಹಿಂದಿನ ಆಫೀಸಲ್ಲಿ ಒಬ್ರು ಸೀನಿಯರ್ ಇದ್ರು, ಮೀಟಿಂಗಲ್ಲಿ ನಾನು ಏನಾದ್ರೂ ಪಾಯಿಂಟ್ ಹೇಳಿದ ತಕ್ಷಣ "ಇರು ಪುಟ್ಟಾ, ನಿನಗೆ ಗೊತ್ತಾಗಲ್ಲ" ಅಂತ ಶುರು ಮಾಡೋರು, ನನ್ ಜೊತೆನೇ ಸೇರಿದ ಹುಡುಗರಿಗೆ ಮಾತ್ರ ಹೆಸರು ಹಿಡಿದೇ ಮಾತಾಡ್ಸೋರು. ಕೊನೆಗೆ ಒಂದಿನ ಎಲ್ಲರ ಮುಂದೇನೇ ಸರ್ ನನ್ನ ಹೆಸರು ಇದು, ದಯವಿಟ್ಟು ಹೆಸರಲ್ಲೇ ಕರೀರಿ ಅಂದೆ. ಆಮೇಲೆ ನಿಲ್ಲಿಸಿದ್ರು. ತರಕಾರಿ ಅಜ್ಜಿ ಅಂದ್ರೆ ಇನ್ನೊಂದು ಹಿಡಿ ಕೊತ್ತಂಬರಿ ಸೊಪ್ಪು ಬರುತ್ತೆ, ಆ ಸೀನಿಯರ್ ಅಂದ್ರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತೆ, ಮಾತು ಒಂದೇ ಆದ್ರೂ. ಅಕ್ಕ ನಿಮ್ಮ ಮಗಂಗೆ ಮನೆ ಒಳಗೆ ಎಷ್ಟು ಬೇಕಾದ್ರೂ ಪುಟ್ಟ ಅನ್ನಿ, ಕೆಲಸಕ್ಕೆ ಹೋಗೋ ಕಡೆ ಅವನಿಗೆ ಪೂರ್ತಿ ಹೆಸರೊಂದು ಇರ್ಲಿ ಅಂತ ನಾನು ಹೇಳ್ತೀನಿ.

ಮದ್ದೂರ್ ಹೈದ
@ಬೆಂಗಳೂರು ಹುಡ್ಗಿ, ಎಲ್ರ ಮುಂದೆ ಹೇಳಿದ್ದು ಸರಿಯಾಗೇ ಮಾಡಿದ್ರಿ. ಎತ್ತಿ ಆಡಿಸಿದೋರು ಕರೀಬೇಕು ಆ ಹೆಸ್ರನ್ನ, ಸಂಬಳದ ಲೆಕ್ಕದಲ್ಲಿ ಮೇಲಿದ್ದೀನಿ ಅಂತ ಕರಿಯೋಕಾಗಲ್ಲ.

ಕೋರ್ಟ್ ಹತ್ರದವ್ಳು
ಸರ್ಟಿಫಿಕೇಟ್ ವಿಷಯಕ್ಕೆ ಬರ್ತೀನಿ, ವಕೀಲಿ ಮಾಡ್ತೀನಿ ಅದಕ್ಕೆ. ಜನನ ನೋಂದಣಿ ಮೊದಲು ಆಗ್ಲಿ, ಹೆಸರಿನ ಕಾಲಂ ಖಾಲಿ ಬಿಟ್ಟರೂ ನೋಂದಣಿ ಆಗುತ್ತೆ, 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಇದಕ್ಕೆ ಅವಕಾಶ ಇದೆ. ನೋಂದಣಿ ಆದ 12 ತಿಂಗಳ ಒಳಗೆ ಹೆಸರು ಸೇರಿಸಿದ್ರೆ ಶುಲ್ಕ ಇಲ್ಲ, ಆಮೇಲೆ 15 ವರ್ಷದ ತನಕ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಅತ್ತೆ ಒಂದು ಕಡೆ ಗಂಡ ಒಂದು ಕಡೆ ಎಳೀತಿರುವಾಗ ಅವಸರದಲ್ಲಿ ಏನೋ ಒಂದು ಬರೆಸಿಬಿಡಬೇಡಿ, ಕೂತು ಮಾತಾಡಿ. ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆ ಅಡ್ಮಿಷನ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಲಿಸ್ಟ್ ಎಲ್ಲಕ್ಕೂ ಹುಟ್ಟಿದ ದಿನಾಂಕ, ಜಾಗಕ್ಕೆ ಆಧಾರ ಈ ಸರ್ಟಿಫಿಕೇಟೇ.

ನಮ್ಮ ಹತ್ರ ಬರೋ ಹಳೇ ಜಮೀನಿನ ಫೈಲುಗಳಲ್ಲಿ ತೊಂದರೆ ಆಗೋದು ಇಲ್ಲೇ. ಪಹಣೀಲಿ ಪುಟ್ಟಯ್ಯ, ಆಧಾರಲ್ಲಿ ಬೇರೆ, ಮಗನ ಮಾರ್ಕ್ಸ್ ಕಾರ್ಡಲ್ಲಿ ತಂದೆ ಹೆಸರು ಇನ್ನೊಂದು, ಒಂದೇ ಊರಲ್ಲಿ ನಾಲ್ಕು ಜನ ಪುಟ್ಟಯ್ಯ. ಆಗ "ಅಲಿಯಾಸ್" ಹಾಕಿ, ಅಫಿಡವಿಟ್ ಮಾಡಿಸಿ, ವಂಶವೃಕ್ಷ ತಂದು ಒದ್ದಾಡಬೇಕು. ನಿಮ್ಮ ಮಾವನವರ ರೇಷನ್ ಕಾರ್ಡಲ್ಲಿ ಬೇರೆ ಹೆಸರಿದೆ ಅಂದ್ರಲ್ಲ, ಪಹಣೀಲಿ ಏನಿದೆ ಅಂತ ಅವರು ಆರೋಗ್ಯವಾಗಿ ಓಡಾಡ್ಕೊಂಡು ಇರೋವಾಗಲೇ ನೋಡಿ ಸರಿ ಮಾಡಿಸ್ಕೊಳ್ಳಿ.

ನರ್ಸರಿ ಮಿಸ್
ಇಷ್ಟು ಜನ ಹೇಳಿದ್ರಿ, ನಂದೊಂದು ಸೇರಿಸ್ತೀನಿ. ಪ್ರತಿ ಜೂನಲ್ಲಿ ಕ್ಲಾಸಿಗೆ ಹೊಸ ಮಕ್ಕಳು ಬರ್ತವೆ, ಹಾಜರಿ ಕೂಗಿದ್ರೆ ಒಂದಷ್ಟು ಮಕ್ಕಳು ಮಾತೇ ಆಡಲ್ಲ, ಕಿವಿ ಕೇಳಲ್ವೇನೋ ಅಂತ ಹೊಸ ಟೀಚರ್‌ಗಳು ಗಾಬರಿ ಆಗ್ತಾರೆ. ಹತ್ರ ಹೋಗಿ ನಿನ್ ಹೆಸರೇನು ಅಂದ್ರೆ "ಪುಟ್ಟ". ಅಮ್ಮನ ಹೆಸರು? "ಅಮ್ಮ". ರಿಜಿಸ್ಟರಲ್ಲಿ ಇರೋ ಹೆಸರನ್ನ ಆ ಮಗು ಮನೇಲಿ ಕೇಳೇ ಇರಲ್ಲ. ಸ್ಕೂಲಲ್ಲಿ ಆದ್ರೆ ಪರವಾಗಿಲ್ಲ, ನಾವು ಒಂದು ವಾರದಲ್ಲಿ ಕಲಿಸ್ತೀವಿ. ಜಾತ್ರೇಲಿ ಕೈ ತಪ್ಪಿಸ್ಕೊಂಡ ಮಗು ಪೊಲೀಸ್ ಹತ್ರ ಪುಟ್ಟ ಅಂತ ಹೇಳಿದ್ರೆ ಮೈಕಲ್ಲಿ ಏನಂತ ಅನೌನ್ಸ್ ಮಾಡ್ತಾರೆ ಯೋಚನೆ ಮಾಡಿ, ಆ ಜಾತ್ರೇಲಿ ಎಷ್ಟು ಪುಟ್ಟಗಳಿರ್ತವೋ. ಯಾವ ಹೆಸರಾದ್ರೂ ಇಡಿ, ಮಾತು ಕಲಿಯೋವಾಗಲೇ ದಿನಾ ಒಂದ್ಸಲ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಹೇಳಿಸಿ. ಸ್ನಾನ ಮಾಡಿಸೋವಾಗ ಹಾಡಿನ ಥರ ಹೇಳಿಸಿದ್ರೆ ಬೇಗ ಬರುತ್ತೆ.

ಧಾರವಾಡದಾಕಿ
ಎಲ್ಲಾರಿಗೂ ಭಾಳ ಧನ್ಯವಾದ ರೀ. ಹೈದ ಅವರೇ, ನೀವು ಹೇಳಿದ್ದು ಖರೇ ಐತಿ. ಹೊತ್ತು ಮುಣುಗೂ ಮುಂದ ಅತ್ತಿ ಅವರೆಕಾಯಿ ಸುಲೀತ ಕುಂತಿದ್ರು, ಬಾಜೂಕ ಕುಂತು ಕೇಳಿದೆ, ನಿಮ್ಮ ಮಗನ ಹೆಸರು ಅವರಜ್ಜಂದ ಹೌದಲ್ಲೋ ಅಂತ. ಬಾಯಿಂದ ಹೇಳಲಿಲ್ಲ, ಗ್ವಾಡಿ ಮ್ಯಾಲಿನ ಫೋಟೋ ಕಡೆ ಕೈ ಮಾಡಿ "ಅವರದೇ ಕಣವ್ವ" ಅಂದ್ರು. ಹುಟ್ಟಿದಾಗಿಂದ ಮಗಗ ಆ ಹೆಸರಿನಿಂದ ಒಮ್ಮೆಯೂ ಕರದಿಲ್ಲಂತ. ಮೊಮ್ಮಗಗ ಪುಟ್ಟರಾಜು ಯಾಕ ಅಂತ ಕೇಳಿದ್ದಕ್ಕ, ಕಾಗದದಾಗಿರೂ ಹೆಸರು ಒಂದರ ನನ್ನ ಬಾಯಿಂದ ಕರಿಯಂಗಿರ್ಲಿ ಅಂದ್ರು ನೋಡ್ರಿ. ನನ್ನ ಗಂಡಗೂ ಈ ಮಾತು ಗೊತ್ತಿರಲಿಲ್ಲ, ಸುಮ್ನ ಕೇಳ್ಕೊಂಡು ಕುಂತ್ರು. ಎರಡಕ್ಷರದ ಹೆಸರು ತೊಟ್ಟಿಲದಾಗ ಕಿವ್ಯಾಗ ಹೇಳೂಣು, ಸರ್ಟಿಫಿಕೇಟಿನ್ಯಾಗ ಪುಟ್ಟರಾಜು ಅಂತನ ಬರಸೂಣು ಅಂತ ಅವರ ಬಾಯಿಂದನ ಬಂತು. ಮಾವನೋರ ಪಹಣಿ ಸೋಮವಾರ ತಗಸ್ತೀವಿ, ಅದರಾಗ ಹೆಸರು ಬ್ಯಾರೆ ಬಂದ್ರ ವಕೀಲ ಮೇಡಂ, ನಿಮಗ ಇಲ್ಲೇ ಮತ್ತ ಕೇಳ್ತೀನಿ.