ಸೂಟಿಗೆ ಮಕ್ಕಳು ಹಟ ಹಿಡಿದ ಆ ಹೊಡೆದಾಟದ ಗೇಮ್: ಅಂಥ ಮಜಾ ಏನಿದೆ ಹೇಳ್ರಿ

ಪ್ರಶ್ನೆ (ಹುಬ್ಬಳ್ಳಿ, ಕೇಶ್ವಾಪುರ)

ಎಲ್ಲರಿಗೂ ನಮಸ್ಕಾರ. ಮಗನಿಗೆ ಹನ್ನೊಂದು ವರ್ಷ. ಸೂಟಿಗೆ ಗದಗಿನಿಂದ ತಂಗಿಯ ಮಕ್ಕಳೂ ಬರುತ್ತಾರೆ. ಮಾರಿಯೋ, ಪಿಕಾಚು, ಸೋನಿಕ್ ಎಲ್ಲರೂ ಒಂದೇ ಕಡೆ ಹೊಡೆದಾಡುವ ಸೂಪರ್ ಸ್ಮ್ಯಾಶ್ ಬ್ರದರ್ಸ್ ಬೇಕೇ ಬೇಕು ಅಂತ ಎಲ್ಲರದೂ ಒಂದೇ ಹಟ. ಅದಕ್ಕೆ ಸ್ವಿಚ್ ಅನ್ನೋ ಮಶೀನೇ ತರಬೇಕಂತೆ. ಹೊಡೆದಾಟಕ್ಕೆ ಅಷ್ಟು ದುಡ್ಡು ಹಾಕಬೇಕಾ? ಆಡಿದವರು, ಮಕ್ಕಳಿಗೆ ಕೊಡಿಸಿದವರು ನಿಮ್ಮ ಅನುಭವ ಹೇಳ್ರಿ.

ಹುಬ್ಬಳ್ಳಿ ವಿದ್ಯಾನಗರ, ಇಂಜಿನಿಯರಿಂಗ್ ವಿದ್ಯಾರ್ಥಿ

ಅಕ್ಕಾರೇ, ನಮ್ಮ ರೂಮಿನಲ್ಲಿ ಊಟ ಆದ ಮೇಲೆ ಇದೇ ಆಟ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಡೆದಾಟ ಅಂದ ಕೂಡಲೇ ಹೆದರಬೇಡಿ. ರಕ್ತ ಇಲ್ಲ. ಅಮೆರಿಕದ ರೇಟಿಂಗ್ ಪ್ರಕಾರ ಹತ್ತು ವರ್ಷ ಮೇಲಿನ ಮಕ್ಕಳು ಆಡಬಹುದು. ಸೋಲು ಗೆಲುವಿನ ಲೆಕ್ಕವೂ ಬೇರೆ ಗೇಮಿನ ಹಾಗಿಲ್ಲ. ಟೆಕ್ಕನ್ ಅನ್ನೋ ಹೊಡೆದಾಟದ ಗೇಮಿನಲ್ಲಿ ಏಟು ಬಿದ್ದಂತೆ ಮೇಲಿನ ಜೀವದ ಪಟ್ಟಿ ಕರಗುತ್ತದೆ, ಪೂರ್ತಿ ಕರಗಿದರೆ ಮುಗಿಯಿತು. ಇಲ್ಲಿ ಸೊನ್ನೆ ಪರ್ಸೆಂಟಿನಿಂದ ಶುರುವಾಗಿ ಏಟು ಬಿದ್ದಂತೆ ಏರುತ್ತದೆ. ಏರಿದಷ್ಟೂ ಮುಂದಿನ ಏಟಿಗೆ ಜಾಸ್ತಿ ದೂರ ಹಾರುತ್ತೀರಿ. ಪರದೆಯಿಂದ ಆಚೆ ಹೋದರೆ ಒಂದು ಜೀವ ಹೋಯಿತು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿಸಬೇಕು, ಇಲ್ಲಿ ಎದುರಾಳಿಯನ್ನು ಅಖಾಡದಿಂದಲೇ ಎಸೆಯಬೇಕು.

ಇದರಿಂದ ಏನಾಗುತ್ತದೆ ಗೊತ್ತಾ? ನೂರೈವತ್ತು ಪರ್ಸೆಂಟ್ ಆದವನೂ ಇನ್ನೂ ಆಟದಲ್ಲೇ ಇರುತ್ತಾನೆ. ಹೊರಗೆ ಹಾರಿದವನು ಗಾಳಿಯಲ್ಲೇ ಇನ್ನೊಂದು ಸಲ ಜಿಗಿದು ಅಂಚು ಹಿಡಿದು ವಾಪಸ್ ಬರಬಹುದು. ಅವನು ಬರುತ್ತಾನಾ ಇಲ್ವಾ ಅಂತ ರೂಮಿಗೆ ರೂಮೇ ಕೂಗುತ್ತಿರುತ್ತದೆ. ನಾಲ್ಕು ಜನ ಆಡುವಾಗಂತೂ ಕೇಳಲೇಬೇಡಿ. ಇಬ್ಬರು ಗಟ್ಟಿ ಆಟಗಾರರು ಒಬ್ಬರನ್ನೊಬ್ಬರು ಜಜ್ಜುತ್ತಿರುತ್ತಾರೆ. ಮೂಲೆಯಲ್ಲಿ ನಿಂತ ಹೊಸಬ ಎಲ್ಲಿಂದಲೋ ಬಿದ್ದ ಬೇಸ್‌ಬಾಲ್ ಬ್ಯಾಟ್ ಎತ್ತಿಕೊಂಡು ಇಬ್ಬರನ್ನೂ ಆಚೆ ಕಳಿಸುತ್ತಾನೆ. ಕಲಿತವನೇ ಯಾವಾಗಲೂ ಗೆಲ್ಲಲ್ಲ, ಮಕ್ಕಳ ಗುಂಪಿಗೆ ಇದಕ್ಕಿಂತ ಇನ್ನೇನು ಬೇಕು?

ಬಟನ್ ಕಲಿಯುವುದೂ ಕಷ್ಟವಿಲ್ಲ. ಒಂದು ದಿಕ್ಕು, ಒಂದು ಬಟನ್. ಹೆಚ್ಚುಕಡಿಮೆ ಎಲ್ಲ ಪಾತ್ರಕ್ಕೂ ಅದೇ. ಆದರೆ ಒಬ್ಬೊಬ್ಬರ ಕೈಚಳಕ ಬೇರೆ. ಕರ್ಬಿ ಅನ್ನೋ ಗುಂಡನೆಯ ಗುಲಾಬಿ ಪ್ರಾಣಿ ಎದುರಿನವರನ್ನು ನುಂಗಿ ಅವರ ವಿದ್ಯೆಯನ್ನೇ ಕದ್ದುಕೊಳ್ಳುತ್ತದೆ. ವೀ ಫಿಟ್ ಟ್ರೇನರ್ ಅನ್ನೋ ವ್ಯಾಯಾಮದ ಟೀಚರ್ ಯೋಗಾಸನ ಹಾಕಿಯೇ ಹೊಡೆಯುತ್ತಾಳೆ. ಸೂರ್ಯ ನಮಸ್ಕಾರ ಮಾಡಿ ಬೆಳಕಿನ ಉಂಡೆ ಬಿಡುತ್ತಾಳೆ! ರೂಮ್‌ಮೇಟ್‌ನ ಅವ್ವ ಊರಿಂದ ಬಂದಾಗ ಇವಳನ್ನೇ ಆರಿಸಿಕೊಂಡರು. ಆಮೇಲೆ ರಿಮೋಟ್ ಬಿಡಲೇ ಇಲ್ಲ.

1999ರ ಮೊದಲ ಗೇಮಿನಲ್ಲಿ 12 ಪಾತ್ರ ಇದ್ದವು. ಸ್ವಿಚ್‌ಗೆ 2018ರಲ್ಲಿ ಬಂದ ಸ್ಮ್ಯಾಶ್ ಅಲ್ಟಿಮೇಟ್‌ನಲ್ಲಿ ಕೊನೆಗೆ 89 ಆದವು. ಬೇರೆ ಬೇರೆ ಕಂಪನಿಗಳ ಸೋನಿಕ್, ಪ್ಯಾಕ್‌ಮ್ಯಾನ್, ಸ್ಟ್ರೀಟ್ ಫೈಟರ್‌ನ ರ್ಯೂ ಎಲ್ಲರೂ ಇದ್ದಾರೆ. ಒಂದು ಮಾತು, ಮೊದಲಿಗೆ ಕಾಣುವುದು ಎಂಟೇ ಪಾತ್ರ. ಉಳಿದವು ಆಡುತ್ತಾ ತೆರೆದುಕೊಳ್ಳುತ್ತವೆ. ನಿಮ್ಮ ಮಗ ಮೈನ್‌ಕ್ರಾಫ್ಟ್‌ನ ಸ್ಟೀವ್‌ಗಾಗಿ ಕೇಳುತ್ತಿದ್ದರೆ ಈಗಲೇ ಹೇಳಿಬಿಡಿ, ಅವನಿಗೆ ಬೇರೆ ದುಡ್ಡು ಕೊಡಬೇಕು.

ಧಾರವಾಡ, ಸಪ್ತಾಪುರ

ತಂಗೀ, ನಾನು ಹಳೇ ಕಾಲದವ. ನಮಗೆ ಶಾಲೆ ಬಿಟ್ಟ ಮೇಲೆ ವಿಡಿಯೋ ಗೇಮ್ ಅಂಗಡಿ, ಕೈಯಲ್ಲಿ ಒಂದೆರಡು ನಾಣ್ಯ, ಕಿಂಗ್ ಆಫ್ ಫೈಟರ್ಸ್ 97. ಅದೂ ಇದೇ ಜಾತಿಯದು. ಎಸ್‌ಎನ್‌ಕೆ ಕಂಪನಿ ತನ್ನ ಬೇರೆ ಬೇರೆ ಗೇಮಿನ ಹೊಡೆದಾಟದವರನ್ನು 1994ರಲ್ಲಿ ಒಟ್ಟಿಗೆ ತಂದು ಮೂವರು ಮೂವರ ತಂಡ ಮಾಡಿತು. ಆಮೇಲೆ ಮಾರ್ವೆಲ್‌ನವರೂ ಸ್ಟ್ರೀಟ್ ಫೈಟರ್ ಮಾಡಿದ ಕ್ಯಾಪ್‌ಕಾಮ್ ಕಂಪನಿಯವರೂ ಎದುರಾಬದುರು ನಿಂತರು. ಸ್ಪೈಡರ್‌ಮ್ಯಾನ್ ರ್ಯೂಗೆ ಹೊಡೆದರೆ ಏನಾಗುತ್ತದೆ ಅಂತ ನಾವು ಬಾಯಲ್ಲಿ ಮಾಡುತ್ತಿದ್ದ ವಾದಕ್ಕೆ ಅಲ್ಲಿ ಉತ್ತರ ಸಿಗುತ್ತಿತ್ತು. ಇಂಥ ಗೇಮಿನ ಅರ್ಧ ಮಜಾ ಆ ವಾದದಲ್ಲೇ ಇದೆ.

ಆದರೆ ಅಂಗಡಿಯಲ್ಲಿ ಒಬ್ಬ ದೊಡ್ಡ ಹುಡುಗ ನಿಂತುಬಿಟ್ಟರೆ ಮುಗಿಯಿತು. ಉಳಿದವರ ನಾಣ್ಯ ಅರ್ಧ ನಿಮಿಷಕ್ಕೆ ಖಲಾಸ್.

ವಿದ್ಯಾನಗರದ ಅದೇ ವಿದ್ಯಾರ್ಥಿ

ಕಾಕಾ, ನೀವು ಹೇಳಿದ್ದಕ್ಕೂ ಸ್ಮ್ಯಾಶ್‌ಗೂ ನಂಟಿದೆ. ಅದನ್ನು ಮಾಡಿದ ಮಸಾಹಿರೋ ಸಕುರಾಯ್ ಒಮ್ಮೆ ಜಪಾನಿನ ಅಂಗಡಿಯಲ್ಲಿ ಕಿಂಗ್ ಆಫ್ ಫೈಟರ್ಸ್ 95 ಆಡುತ್ತಾ ಎದುರಿನವರನ್ನು ಚೆನ್ನಾಗಿ ಬಡಿದರಂತೆ. ನೋಡಿದರೆ ಆ ಕಡೆ ಕೂತಿದ್ದು ಏನೂ ಬಾರದ ಹೊಸ ಜೋಡಿ. ಹೊಸಬರಿಗೂ ಜಾಗ ಇರುವ ಹೊಡೆದಾಟ ಬೇಕು ಅಂತ ಅವರ ತಲೆಯಲ್ಲಿ ಬಂದದ್ದಕ್ಕೆ ಇದೂ ಒಂದು ಕಾರಣ. ಮೊದಲ ಮಾದರಿಯಲ್ಲಿ ಮಾರಿಯೋ ಇರಲೇ ಇಲ್ಲ, ಮುಖವಿಲ್ಲದ ಗೊಂಬೆಗಳು ನಾಲ್ಕು ಜನರ ಆಟ ಆಡುತ್ತಿದ್ದವು. ಅದರ ಪ್ರೋಗ್ರಾಮ್ ಬರೆದವರು ಸತೋರು ಇವಾಟಾ, ಮುಂದೆ ಮಾರಿಯೋ, ಸ್ವಿಚ್ ಮಾಡುವ ನಿಂಟೆಂಡೋ ಕಂಪನಿಯ ಅಧ್ಯಕ್ಷರಾದರು. ಮನೆಯಲ್ಲಿ ಆಡುವವರಿಗೆ ನೋಡಿದ ಕೂಡಲೇ ಗುರುತು ಸಿಗಲಿ ಅಂತ ಆಮೇಲೆ ಮಾರಿಯೋ ಬಳಗ ಬಂತು. ಹಾಗಾಗಿ ಬರೀ ಪಾತ್ರಗಳ ಹೆಸರಿನ ಮೇಲೆ ನಿಂತ ಗೇಮ್ ಅಲ್ಲ ಇದು.

ಗದಗ, ಇಬ್ಬರು ಮಕ್ಕಳ ತಾಯಿ

ಅಕ್ಕಾ, ಮಶೀನ್ ತರೋ ಮೊದಲು ಬ್ರಾಲ್‌ಹಲ್ಲಾ ಹಾಕಿ ನೋಡ್ರಿ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬರುತ್ತದೆ, ಬಿಟ್ಟಿ. ನಿಯಮ ಸ್ಮ್ಯಾಶ್‌ನ ಥರಾನೇ, ಆಚೆ ಎಸೆಯುವುದು. ಅದರದೇ ಪಾತ್ರಗಳ ಜೊತೆ ಬೆನ್ 10, ಕುಂಗ್ ಫು ಪಾಂಡಾ ವೇಷಗಳೂ ಬಂದಿವೆ. ಬಿಟ್ಟಿ ಆಡುವವರಿಗೆ ವಾರವಾರ ಪಾತ್ರ ಬದಲಾಗುತ್ತವೆ. ನಮ್ಮ ಮಕ್ಕಳು ಒಬ್ಬ ಫೋನಿನಲ್ಲಿ, ಒಬ್ಬಳು ಕಂಪ್ಯೂಟರಿನಲ್ಲಿ ಕೂತು ಒಂದೇ ಆಟ ಆಡುತ್ತಾರೆ.

ವೇಷಗಳಿಗೆ ದುಡ್ಡು ಕೇಳುತ್ತದೆ. ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಇಟ್ಟುಬಿಡ್ರಿ, ಆಮೇಲೆ ಬೈಯೋದು ತಪ್ಪುತ್ತದೆ. ಫೋನಿನ ಗಾಜಿನ ಮೇಲೆ ಬೆರಳಾಡಿಸುವುದು ಮಾತ್ರ ಅಷ್ಟು ಸೊಗಸಲ್ಲ. ಎರಡು ವಾರ ಆದ ಮೇಲೂ ಮಕ್ಕಳಿಗೆ ಹುಚ್ಚು ಹಾಗೇ ಇದ್ದರೆ ಆಗ ಸ್ವಿಚ್ ಮಾತಾಡಿ.

ಹಾವೇರಿ

ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ನಮ್ಮ ಮನೆಯಲ್ಲಿ ಅಣ್ಣ ತಮ್ಮ ಈ ಆಟಕ್ಕೇ ಜಗಳಾಡಿ ಮಾತು ಬಿಟ್ಟಿದ್ದರು. ಒಬ್ಬನನ್ನೇ ಮೂವರು ಸೇರಿ ಹೊಡೆಯುವುದು ಇದರಲ್ಲಿ ಸಲೀಸು. ಇಬ್ಬಿಬ್ಬರ ತಂಡ ಮಾಡಿ, ಚಿಕ್ಕವನನ್ನು ಗಟ್ಟಿ ಆಡುವವನ ಜೊತೆ ಹಾಕಿ. ನಮ್ಮಲ್ಲಿ ಜಗಳ ನಿಂತದ್ದು ಹಾಗೆ.

ಇನ್ನೊಂದು ವಿಷಯ. ಆನ್‌ಲೈನ್ ಮೇಲೇ ನಿಂತ ಗೇಮನ್ನು ನಂಬಿ ದುಡ್ಡು ಹಾಕಬೇಡಿ. ಬ್ಯಾಟ್‌ಮ್ಯಾನ್, ಟಾಮ್ ಆ್ಯಂಡ್ ಜೆರ್ರಿ, ಬಗ್ಸ್ ಬನ್ನಿ ಎಲ್ಲ ಇದ್ದ ಮಲ್ಟಿವರ್ಸಸ್ ಅಂತ ಒಂದಿತ್ತು. 2024ರ ಮೇ ತಿಂಗಳಲ್ಲಿ ಹೊಸದಾಗಿ ಬಿಟ್ಟರು, 2025ರ ಮೇ 30ಕ್ಕೆ ಆನ್‌ಲೈನ್ ಬಂದ್. ಮಶೀನಿಗೆ ಸಿಕ್ಕಿಸುವ ಗೇಮ್ ಕಾರ್ಟ್ರಿಡ್ಜ್ ಕೈಯಲ್ಲಿದ್ದರೆ ಆ ಭಯ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಾಳೆಯೇ ಬ್ರಾಲ್‌ಹಲ್ಲಾ ಹಾಕಿಕೊಡುತ್ತೇನೆ. ಮುಂದೆ ಸ್ವಿಚ್ ತಂದರೆ ನಾಲ್ಕು ಮಕ್ಕಳಿಗೆ ಏನೇನು ಬೇಕಾಗುತ್ತದೆ? ಇಂಟರ್ನೆಟ್‌ಗೆ ತಿಂಗಳಾ ದುಡ್ಡು ಕಟ್ಟಬೇಕಾ?

ವಿದ್ಯಾನಗರದ ವಿದ್ಯಾರ್ಥಿ

ಒಂದೇ ಟಿವಿ ಮುಂದೆ ಕೂತು ಆಡುವುದಕ್ಕೆ ಇಂಟರ್ನೆಟ್ ಬೇಕಿಲ್ಲ, ಎಂಟು ಜನರವರೆಗೂ ಆಡಬಹುದು. ದೂರದವರ ಜೊತೆ ಆನ್‌ಲೈನ್ ಆಡಲು ಮಾತ್ರ ಚಂದಾ ಕಟ್ಟಬೇಕು. ನನ್ನ ಪ್ರಕಾರ ಅದು ಬೇಡ. ಗುರುತಿಲ್ಲದವನ ಕೈಯಲ್ಲಿ ಸೋತರೆ ಸಿಟ್ಟು ಬರುತ್ತದೆ, ಪಕ್ಕದಲ್ಲಿ ಕೂತವನ ಕೈಯಲ್ಲಿ ಸೋತರೆ ನಗು ಬರುತ್ತದೆ.

ಸ್ವಿಚ್ ಜೊತೆ ಬರುವ ಜಾಯ್‌ಕಾನ್ ಅನ್ನೋ ರಿಮೋಟ್ ಎರಡು ಭಾಗವಾಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು. ಅಂದರೆ ಇಬ್ಬರಿಗೆ ಡಬ್ಬಿಯಲ್ಲೇ ಆಯಿತು. ಇನ್ನೊಂದು ಜೋಡಿ ತಂದರೆ ನಾಲ್ಕು ಜನಕ್ಕೂ ಸಾಕು. ಕರೆಂಟ್ ಹೋದರೆ ಟಿವಿಯಿಂದ ತೆಗೆದು ಅದರ ಸಣ್ಣ ಪರದೆಯಲ್ಲೇ ಮುಂದುವರಿಸಬಹುದು. ಅಂಗಡಿಯವರು ಕಡಿಮೆ ಬೆಲೆ ಅಂತ ಸ್ವಿಚ್ ಲೈಟ್ ತೋರಿಸಿದರೆ ಬೇಡ ಅನ್ನಿ. ಅದರ ಬಟನ್ ಬಿಚ್ಚಿಕೊಳ್ಳುವುದಿಲ್ಲ, ಟಿವಿಗೂ ಸೇರುವುದಿಲ್ಲ. ಇಲ್ಲಿ ಬರುವುದು ಆಮದು ಮಾಲು, ಅದಕ್ಕೇ ವಾರಂಟಿ ಯಾರು ಕೊಡುತ್ತಾರೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.