ಮಾರ್ಟಿನ್ ಲೂಥರ್ ಕಿಂಗ್ ಬಿಟ್ಟು ಇನ್ಯಾರ ಕಥೆ ಹೇಳ್ಬೋದು? ನಮ್ಮೂರ ಹೆಂಗಸ್ರ ಸಂಘಕ್ಕೆ

ಮಳವಳ್ಳಿ_ಅಕ್ಕ:
ಎಲ್ರಿಗೂ ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ತಿಂಗಳಿಗೊಂದ್ಸಲ ಯಾರಾದ್ರೂ ಒಬ್ರ ಜೀವನದ ಕಥೆ ಹೇಳ್ತೀವಿ. ಸಾವಿತ್ರಿಬಾಯಿ ಫುಲೆ ಆಯ್ತು, ಅಂಬೇಡ್ಕರ್ ಆಯ್ತು, ಈ ಸಲ ಅಮೆರಿಕದ ಕಪ್ಪು ಜನರ ಹೋರಾಟ ಹೇಳು ಅಂದವ್ರೆ. ಕಿಂಗ್, ರೋಸಾ ಪಾರ್ಕ್ಸ್ ಗೊತ್ತು. ಆದ್ರೆ ನಮ್ಮೋರೆಲ್ಲ ನಾಟಿ, ಕಳೆ, ಕಬ್ಬು ಕಡಿಯೋದು ಅಂತ ಕೂಲಿಗೆ ಹೋಗೋರು, ಇವ್ಳು ನಮ್ ಥರದೋಳೇ ಅನ್ಸೋ ಹೆಂಗಸು ಯಾರಾದ್ರೂ ಇದಾರಾ?

ಕುಕ್ಕರಹಳ್ಳಿ_ವಾಕರ್:
ಇದಾರೆ ಮೇಡಂ, ಫ್ಯಾನಿ ಲೂ ಹೇಮರ್. ಮಿಸಿಸಿಪ್ಪಿ ರಾಜ್ಯದೋರು, 1917ರಲ್ಲಿ ಹುಟ್ಟಿದ್ದು, ಅಪ್ಪ ಅಮ್ಮಂಗೆ 20ನೇ ಮಗು. ಆರು ವರ್ಷಕ್ಕೇ ಹತ್ತಿ ಬಿಡಿಸೋಕೆ ಇಳಿದ್ರು. ಬಿಳಿ ಸಾಹುಕಾರನ ಜಮೀನಲ್ಲಿ ಪಾಲಿಗೆ ದುಡಿಯೋದು, ಬೀಜ ಊಟ ಎಲ್ಲಾ ಸಾಲ, ಸುಗ್ಗಿ ಮುಗಿದ್ರೆ ಕೈಗೆ ಏನೂ ಉಳೀತಿರ್ಲಿಲ್ಲ. 1961ರಲ್ಲಿ ಗೆಡ್ಡೆ ತೆಗೀತೀವಿ ಅಂತ ಆಪರೇಷನ್ ಮಾಡಿದ ಡಾಕ್ಟ್ರು ಇವ್ರನ್ನ ಒಂದು ಮಾತು ಕೇಳ್ದೆ ಗರ್ಭಕೋಶನೇ ತೆಗ್ದುಬಿಟ್ರು.

ತಮಗೂ ಓಟಿದೆ ಅಂತ ಅವ್ರಿಗೆ ಗೊತ್ತಾಗಿದ್ದೇ 44ನೇ ವಯಸ್ಸಲ್ಲಿ. 1962ರ ಆಗಸ್ಟ್ 31ಕ್ಕೆ ಇನ್ನೂ 17 ಜನರ ಜೊತೆ ಬಸ್ಸಲ್ಲಿ ಹೆಸ್ರು ಬರೆಸೋಕೆ ಹೋದ್ರು, ಅಲ್ಲಿ ಆ ರಾಜ್ಯದ ಸಂವಿಧಾನದ ಒಂದು ಕಲಮು ಕೊಟ್ಟು ಅರ್ಥ ಬರಿ ಅಂತ ಪರೀಕ್ಷೆ, ಫೇಲ್. ವಾಪಸ್ ಬರುವಾಗ ಪೊಲೀಸ್ರು ಬಸ್ ನಿಲ್ಸಿ ಬಣ್ಣ ಜಾಸ್ತಿ ಹಳದಿ ಇದೆ ಅಂತ 100 ಡಾಲರ್ ದಂಡ ಕೇಳಿದ್ರು! ಅದೇ ರಾತ್ರಿ ಸಾಹುಕಾರ ಬಂದು ಅರ್ಜಿ ವಾಪಸ್ ತಗೋ, ಇಲ್ಲ ಜಾಗ ಖಾಲಿ ಮಾಡು ಅಂದ. ನಾನು ಹೋಗಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ ಅಂದ್ರು ಈಯಮ್ಮ. 18 ವರ್ಷ ದುಡಿದ ಜಾಗ ಅವತ್ತೇ ಬಿಟ್ಟು ಬಂದ್ರು. ಹತ್ತು ದಿನಕ್ಕೆ ಅವ್ರು ಉಳ್ಕೊಂಡಿದ್ದ ಮನೆ ಮೇಲೆ 16 ಗುಂಡು ಹಾರಿಸಿದ್ರು. 1963ರ ಜನವರಿಲಿ ಮತ್ತೆ ಪರೀಕ್ಷೆ ಬರ್ದು ಪಾಸಾದ್ರು.

ಓದೋ_ಹುಡ್ಗ_ಮೈಸೂರು:
ಮಿಸಿಸಿಪ್ಪಿಯ ವಿನೋನಾ ಅನ್ನೋ ಊರಿನ ಜೈಲಿನ ವಿಷ್ಯ ಬಿಡ್ಬೇಡಿ ಮೇಡಂ. 1963ರ ಜೂನಲ್ಲಿ ಓಟಿಗೆ ಹೆಸ್ರು ಬರೆಸೋ ಕೆಲಸದ ತರಬೇತಿ ಮುಗಿಸ್ಕೊಂಡು ಬರ್ತಿದ್ದ ಇವ್ರನ್ನೂ ಜೊತೆಯೋರನ್ನೂ ಪೊಲೀಸ್ರು ಹಿಡಿದು, ಅಲ್ಲಿದ್ದ ಕಪ್ಪು ಕೈದಿಗಳ ಕೈಲೇ ಇವ್ರನ್ನ ಹೊಡೆಸಿದ್ರು, ಆ ಏಟಿಗೆ ಕಿಡ್ನಿ ಕೆಟ್ಟಿದ್ದು ಕೊನೇವರೆಗೂ ಸರಿಹೋಗ್ಲಿಲ್ಲ. 1964ರಲ್ಲಿ ಅಟ್ಲಾಂಟಿಕ್ ಸಿಟಿಲಿ ನಡೆದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ, ಮಿಸಿಸಿಪ್ಪಿಯ ಬರೀ ಬಿಳಿಯರ ತಂಡದ ಬದ್ಲು ನಮ್ಮ ತಂಡನ ಕೂರಿಸಿ ಅಂತ ಕೇಳೋಕೆ ಹೋಗಿ, ಅದನ್ನೇ ಟಿವಿ ಮುಂದೆ ಹೇಳ್ತಾ ಇದ್ರೆ ಅಧ್ಯಕ್ಷ ಜಾನ್ಸನ್ ಅವಸರಕ್ಕೆ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾ ಆ ಕಡೆ ತಿರುಗೋ ಹಂಗೆ ಮಾಡಿದ್ರು, ಆದ್ರೂ ರಾತ್ರಿ ಚಾನೆಲ್‌ನೋರು ಇವ್ರ ಮಾತು ಹಾಕಿದ್ರು, ದೇಶ ಎಲ್ಲಾ ನೋಡ್ತು. ನಿಮ್ಮ ತಂಡಕ್ಕೆ ಎರಡು ಸೀಟು ಕೊಡ್ತೀವಿ ಸುಮ್ನಿರಿ ಅಂತ ಪಕ್ಷದೋರು ಅಂದಾಗ ಒಪ್ಲಿಲ್ಲ. ಮುಂದಿನ ವರ್ಷನೇ ಮತದಾನ ಹಕ್ಕಿನ ಕಾಯ್ದೆ ಬಂತು.

ಬನ್ನೂರ್_ಕುರಿ:
ನಂಗನ್ಸೋದು ಬೇರೆ ಕನಕ್ಕ. ಹೊಡೆತದ ಕಥೆ ಕೇಳಿ ಅತ್ಬುಟ್ಟು ಎದ್ದೋಯ್ತಾರೆ, ಹಂದಿ ಬ್ಯಾಂಕ್ ವಿಷ್ಯ ಹೇಳು. ಓಟು ಸಿಕ್ಕಿದ್ರೂ ಹೊಟ್ಟೆಗೆ ಸಾಹುಕಾರನ ಮುಂದೆ ಕೈ ಚಾಚೋದಾದ್ರೆ ಅವ್ನು ಹೇಳಿದಂಗೇ ಓಟು ಹಾಕ್ಬೇಕಲ್ವಾ, ಅದಕ್ಕೇ ಆಯಮ್ಮ 1969ರಲ್ಲಿ 40 ಎಕರೆ ತಗಂಡು ಸಹಕಾರಿ ತೋಟ ಶುರು ಮಾಡಿದ್ದು, ಆಮೇಲೆ 600 ಎಕರೆ ದಾಟ್ತು. ಗಬ್ಬದ ಹಂದಿನ ಒಂದು ಬಡವ್ರ ಮನೆಗೆ ಕೊಡೋದು, ಮರಿ ಹಾಕದ್ ಮೇಲೆ ಮರಿ ಅವ್ರಿಗೆ, ತಾಯಿ ಬ್ಯಾಂಕಿಗೆ ವಾಪಸ್, ಅಲ್ಲಿಂದ ಇನ್ನೊಂದು ಮನೆಗೆ. ನಮ್ ಕಡೆ ಕುರಿ ಪಾಲಿಗೆ ಸಾಕುದ್ರೆ ಅರ್ಧ ಮರಿ ಒಡೇಂದು. ಅಲ್ಲಿ ಪಾಲು ಕೇಳೋ ಒಡೇನೇ ಇಲ್ಲ. ನಮ್ಮಜ್ಜಿ ಜೀವನ ಪೂರ್ತಿ ಬೇರೆಯವ್ರ ಕುರಿ ಪಾಲಿಗೆ ಸಾಕಿ ಸತ್ಲು ಅಕ್ಕ, ಅದಕ್ಕೇ ಇದನ್ನ ಓದ್ದಾಗ ನಂಗೆ ಗಂಟ್ಲು ಕಟ್ತು. ದುಡ್ಡಿಲ್ದೆ 70ರ ದಶಕದ ನಡುವಲ್ಲಿ ತೋಟ ನಿಂತೋಯ್ತು, ಅದನ್ನೂ ಮುಚ್ಚಿಡ್ಬೇಡ. ಆಯಮ್ಮ 1977ರಲ್ಲಿ ಹೋದ್ರು.

ಮಳವಳ್ಳಿ_ಅಕ್ಕ:
ಎಲ್ರಿಗೂ ಥ್ಯಾಂಕ್ಸ್. ಜೈಲಿನದೂ ಹೇಳ್ತೀನಿ, ಆದ್ರೆ ಶುರು ಹಂದಿ ಬ್ಯಾಂಕಿಂದನೇ. ನಮ್ ಸಂಘದ ಉಳಿತಾಯದಲ್ಲಿ ನಾಕು ಮೇಕೆ ತರೋ ಮಾತು ಎರಡು ವರ್ಷದಿಂದ ನಡೀತೈತೆ, ಯಾರ ಮನೆಗೆ ಮೊದ್ಲು ಅನ್ನೋದ್ರಲ್ಲೇ ನಿಂತಿತ್ತು. ಭಾನುವಾರ ಮೀಟಿಂಗು, ಏನಂದ್ರು ಅಂತ ಬಂದು ಬರೀತೀನಿ.